ತೊರೆಯೋ, ಕೇಡೋ

ಫ್ಲಾರೆನ್ಸಿನ ಹೊಸ ಕೋಟೆಗೋಡೆ ಇನ್ನೂ ಏಳುತ್ತಿದ್ದ ಕಾಲ. ಆರ್ನೊ ನದಿಯ ಆಚೆ ದಡದ ಬೀದಿಯಲ್ಲಿ ಬಿಲಿಯಾ ಎಂಬ ವಿಧವೆ ಅಣ್ಣ ನಾದ್ದೊನ ಮನೆಯಲ್ಲಿದ್ದಳು. ಕರಾರುಪತ್ರ ಬರೆದುಕೊಡುವ ಸೆರ್ ಬಂದೀನೊಗೆ ಅವಳ ಮೇಲೆ ಮನಸ್ಸಾಯಿತು. ಒಂದು ಪದ್ಯ ಕಟ್ಟಿ, ಹಾಡುಗಾರನೊಬ್ಬನಿಂದ ಅವಳ ಕಿಟಕಿಯ ಕೆಳಗೆ ಹಾಡಿಸಿದ. ‘ಅವಳ ಎದೆ ರಿಯೊ’ ಎಂಬ ಸಾಲು ಬಂದದ್ದೇ ತಡ, ಬೀದಿಯ ಹೆಂಗಸರು ಕಿಸಕ್ಕನೆ ನಕ್ಕರು. ಆ ಊರಿನ ಮಾತಿನಲ್ಲಿ ರಿಯೊ ಎಂದರೆ ತೊರೆ. ಕೆಟ್ಟದ್ದು, ಕೇಡು ಎಂದರೂ ರಿಯೊನೇ.

ನಾದ್ದೊ ಊಟ ಅರ್ಧಕ್ಕೇ ಬಿಟ್ಟೆದ್ದ. “ಕೆಟ್ಟೆದೆಯವಳು ಅಂತ ಬೀದೀಲಿ ಹಾಡಿಸ್ತಾನಾ? ಅವನ ಹಲ್ಲು ಉದುರಿಸಿ ಬರ್ತೀನಿ.”

“ಕೂತ್ಕೊ ಅಣ್ಣ, ಕಡಲೆ ಸಾರು ಆರಿಹೋಗತ್ತೆ.”

ಬಿಲಿಯಾಳಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ಬರೆದವನ ಮನಸ್ಸಿನಲ್ಲಿದ್ದದ್ದು ಯಾವ ಅರ್ಥ? ಮಾರನೆಯ ದಿನ ಅಣ್ಣನನ್ನೂ ಕರೆದುಕೊಂಡು ಹೋಗಿ, ಚರ್ಚಿನ ಮೆಟ್ಟಿಲ ಮೇಲೆಯೇ ಬಂದೀನೊನನ್ನು ತಡೆದು ಕೇಳಿದಳು.

“ತೊರೆ ಅಂತಲೇ ಬರೆದದ್ದು,” ಎಂದ ಅವನು, ನಾದ್ದೊನ ಮುಷ್ಟಿ ನೋಡುತ್ತ.

“ಹಾಗಾದ್ರೆ ಮುಂದಿನ ಸಾಲಲ್ಲಿ ‘ಕುಡಿದವ ಬದುಕಲಾರ’ ಅಂತ ಯಾಕೆ ಬಂತು, ಸೆರ್?”

ಬಂದೀನೊನ ಕಿವಿ ಕೆಂಪಾದವು. “ಶುರು ಮಾಡುವಾಗ ತೊರೆಯೇ ಇತ್ತು. ಆಮೇಲೆ ಸೇತುವೆ ಮೇಲೆ ಸಿಕ್ಕಾಗ ನೀವು ತಿರುಗಿಯೂ ನೋಡ್ಲಿಲ್ಲ. ಸಿಟ್ಟು ಬಂತು. ಪದ ಬದಲಿಸೋ ಅಗತ್ಯಾನೂ ಬೀಳಲಿಲ್ಲ.”

ನಾದ್ದೊ ಮುನ್ನುಗ್ಗಿದ. ಬಿಲಿಯಾ ಅವನ ತೋಳು ಹಿಡಿದು ನಿಲ್ಲಿಸಿದಳು. ಬಂದೀನೊ ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು, ಜಾರಿಕೊಳ್ಳಲಿಲ್ಲ. ಅದು ಅವಳಿಗೆ ಹಿಡಿಸಿತು.

“ನೀವು ತೊರೆ ನೋಡಿದೀರಾ?”

“ಆರ್ನೊ ದಡದಲ್ಲೇ ಹುಟ್ಟಿದವನು ನಾನು.”

“ಅದು ನದಿ. ನಾನು ಕೇಳಿದ್ದು ತೊರೆ.”

ಅವನು ತೊರೆಗಳನ್ನು ಪದ್ಯಗಳಲ್ಲಿ ಓದಿದ್ದ, ಅಷ್ಟೆ.

ದ್ರಾಕ್ಷಿ ಕೊಯ್ಲಿಗೆ ಮೊದಲು ಅಣ್ಣ ತಂಗಿ ಬೆಟ್ಟದ ಮೇಲಿನ ತಮ್ಮ ಹಳ್ಳಿಗೆ ಹೊರಟರು. ಬಿಲಿಯಾ ಕರೆದಳೆಂದು ಬಂದೀನೊನೂ ಹೇಸರಗತ್ತೆ ಏರಿ ಜೊತೆಗೆ ಬಂದ. “ಕವಿಗಳೇ, ಈ ಕತ್ತೆಗೂ ಎರಡು ಅರ್ಥ ಉಂಟಾ?” ಎಂದು ನಾದ್ದೊ ದಾರಿಯುದ್ದಕ್ಕೂ ಕಾಡಿದ.

ಹಳ್ಳಿಯ ತೊರೆಯಲ್ಲಿ ನೀರೇ ಇರಲಿಲ್ಲ. ಬರೀ ಬಿಳಿ ಕಲ್ಲು. ಬಿಲಿಯಾ ಮಂಡಿಯೂರಿ ಕಲ್ಲು ಸರಿಸಿ ಮರಳು ಕೆದಕಿದಳು. ಗುಂಡಿಯಲ್ಲಿ ಮೆಲ್ಲಗೆ ನೀರು ಒಸರಿತು.

“ಹಿಮ ಕರಗೋ ಕಾಲದಲ್ಲಿ ಇದೇ ನನ್ನ ಗಂಡನ್ನ ಹೊತ್ತೊಯ್ತು,” ಎಂದಳು. “ಕೆಟ್ಟದ್ದು ಅಂತ ಎಷ್ಟು ಬೈದಿದೀನೋ. ಆ ಬೇಸಿಗೇಲಿ ನಮ್ಮ ಕುರಿಗಳು ಬದುಕಿದ್ದೂ ಇದರ ನೀರಿಂದಲೇ.”

ಬಂದೀನೊ ಅವಳ ಪಕ್ಕದ ಕಲ್ಲಿನ ಮೇಲೆ ಕೂತ. ಆಮೇಲೆ ಕೇಳಿದ: “ಅವರ ಹೆಸರೇನು?”

ಅವಳು ಫ್ಲಾರೆನ್ಸಿಗೆ ಬಂದ ಮೇಲೆ ಯಾರೂ ಅವಳಲ್ಲಿ ಅದನ್ನು ಕೇಳಿರಲಿಲ್ಲ. ಹೆಸರು ಹೇಳಿದಳು, ಹೊತ್ತು ಮುಳುಗುವ ತನಕ ಗಂಡನ ವಿಷಯವೇ ಹೇಳಿದಳು.

ಚಳಿಗಾಲ ಕಳೆದ ಮೇಲೆ ಅವರ ಮದುವೆಯಾಯಿತು. ನಾದ್ದೊನೇ ಮುಂದೆ ನಿಂತು ಬೀದಿಗೆಲ್ಲ ಊಟ ಹಾಕಿಸಿದ.