ಮೂರು ಸಾಲು

ಮೈಕಿನ ಕೊರಳಲ್ಲಿ ಕೆಂಪು ದೀಪ, ಗುಂಡುಪಿನ್ನಿನ ತಲೆಯಷ್ಟೇ ದೊಡ್ಡದು, ಯಾವಾಗ ಹತ್ತಿತೋ ಅವಳು ನೋಡಲಿಲ್ಲ, ಅಂದರೆ ಇಷ್ಟು ಹೊತ್ತು ಅವಳು ಉಸಿರಾಡಿದ್ದು, ಕಡತದ ದಾರ ಬಿಚ್ಚಿದ್ದು, ಗಂಟಲು ಸರಿಮಾಡಿಕೊಳ್ಳಲು ಹೋಗಿ ಹೆದರಿ ಅರ್ಧಕ್ಕೇ ನುಂಗಿಕೊಂಡದ್ದು, ಎಲ್ಲ ಆ ಎರಡು ಕಪ್ಪು ಸ್ಪೀಕರ್ ಪೆಟ್ಟಿಗೆಗಳಿಂದ ಸಭಾಂಗಣದ ಕೊನೆಯ ಗೋಡೆಯವರೆಗೂ ಹೋಗಿರಬೇಕು, ಅಯ್ಯೋ, ಅದಕ್ಕೇ ಇರಬೇಕು ಮುಂದೆ ಕೂತ ಆ ಹೆಂಗಸು ತಲೆ ಎತ್ತಿದ್ದು — ಇಲ್ಲ, ಆಕೆ ಗಡಿಯಾರ ನೋಡುತ್ತಿದ್ದಾಳೆ, ಹತ್ತೂವರೆ, ಸಭೆ ಶುರುವಾಗಬೇಕಾದ ಹೊತ್ತು. ಹಿಂದಿನ ಸಭೆಯ ನಡಾವಳಿ ಓದುವುದು ಅವಳ ಕೆಲಸವಲ್ಲ. ಬರೆಯುವುದು ಅವಳದು, ಓದುವುದು ಹಿರಿಯ ಗುಮಾಸ್ತರದು, ಈ ಶಾಲಾ ಮಂಡಳಿಯ ಕಚೇರಿಗೆ ಅವಳು ಸೇರಿದ ಹದಿನಾಲ್ಕು ತಿಂಗಳಿಂದಲೂ ಹಾಗೇ, ಆದರೆ ಇವತ್ತು ಬೆಳಿಗ್ಗೆ ಅವರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದರು, ಬಾಯಿ ತೆರೆದರೆ ಬರೀ ಗಾಳಿ, ನೀನೇ ಓದಿಬಿಡಮ್ಮ, ನಿನ್ನ ಅಕ್ಷರ ನಿನಗೇ ತಾನೇ ಚೆನ್ನಾಗಿ ಗೊತ್ತು, ಎಂದು ಆ ಗಾಳಿಯಲ್ಲೇ ಹೇಳಿ ನಕ್ಕರು, ಅವಳೂ ನಕ್ಕಳು, ಬೇಡದ ಕಡೆ ನಗು ತಕ್ಷಣ ಬರುತ್ತದೆ ಅವಳಿಗೆ, ಬೇಕಾದ ಕಡೆ ಮಾತು ಬರುವುದಿಲ್ಲ. ಏಳನೇ ಪುಟ. ಏಳನೇ ಪುಟದ ಕೆಳಗಿನ ಮೂರು ಸಾಲು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಟೀಚರ್ ಕೂತಿದ್ದಾರೆ, ಬಟ್ಟೆಯ ಚೀಲ ತೊಡೆಯ ಮೇಲೆ, ಎರಡು ಕೈಯೂ ಅದರ ಮೇಲೆ, ಬಸ್ಸಿಗೆ ಕಾಯುವವರ ಹಾಗೆ, ಈಗ ಅವಳ ಕಡೆ ನೋಡಿದರು, ನೋಡಿ ಗದ್ದವನ್ನು ಒಂದಿಷ್ಟೇ ಮೇಲೆತ್ತಿದರು — ಧೈರ್ಯವಾಗಿ ಓದು — ತರಗತಿಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿದಾಗಲೆಲ್ಲ ಮಾಡುತ್ತಿದ್ದ ಹಾಗೆಯೇ, ನೆಲ ಬಾಯಿಬಿಟ್ಟು ತನ್ನನ್ನು ಕುರ್ಚಿ ಸಮೇತ ನುಂಗಬಾರದೇ.

ಇಷ್ಟೇ ಕೆಂಪು, ಇಷ್ಟೇ ಚಿಕ್ಕದು. ಎಂಟನೇ ತರಗತಿ, ಪ್ರಯೋಗಶಾಲೆಯ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ ಬಾಗಿಲು ಹಾಕಿದ್ದರು, ನಲವತ್ತೆರಡು ಮಕ್ಕಳ ಬೆವರಿನ ವಾಸನೆ, ಯಾರೋ ಕಿಸಕ್ಕೆಂದದ್ದು, ರಟ್ಟಿನ ಪೆಟ್ಟಿಗೆಯೊಳಗೆ ಟಾರ್ಚು, ಪೆಟ್ಟಿಗೆಗೆ ನಾಣ್ಯದಷ್ಟು ತೂತು, ತೂತಿನ ಮೇಲೆ ಕಾವು ಕೊಟ್ಟು ನಾಲ್ಕು ದಿನವಾದ ಕೋಳಿಮೊಟ್ಟೆ, ಈ ಒಂದು ಪಾಠದಿಂದಲೇ ಇಡೀ ಶಾಲೆ ಅವರನ್ನು ಮೊಟ್ಟೆ ಟೀಚರ್ ಅನ್ನುತ್ತಿದ್ದದ್ದು. ಟಾರ್ಚು ಹಿಡಿಯೋಕೆ ಯಾರು ಬರ್ತೀರಿ ಅಂದರೆ ನಲವತ್ತೊಂದು ಕೈ ಮೇಲಕ್ಕೆ, ಟೀಚರ್ ಎತ್ತದಿದ್ದ ಕೈಯನ್ನೇ ಕರೆದರು. ಗುಂಡಿ ಒತ್ತಿದಳು. ಮೊಟ್ಟೆ ಒಮ್ಮೆಲೇ ಒಳಗಿನಿಂದ ಕಿತ್ತಳೆಬಣ್ಣವಾಯಿತು, ಕೂದಲೆಳೆಯಂಥ ನರಗಳು, ಜೇಡನ ಬಲೆಯ ಹಾಗೆ, ನಡುವೆ ಒಂದು ಕೆಂಪು ಚುಕ್ಕೆ, ಅದು ಅಲುಗಾಡುತ್ತಿದೆ, ಅಲ್ಲ, ಬಡಿಯುತ್ತಿದೆ, ಕಿಸಕ್ಕೆಂದವನೂ ಕತ್ತು ಚಾಚಿದ. ಯಾರು ಟೀಚರ್ ಅದಕ್ಕೆ ಬಡಿ ಅಂದಿದ್ದು, ಹಿಂದಿನ ಬೆಂಚಿನಿಂದ ಒಬ್ಬ. ಅದು ನನಗೆ ಗೊತ್ತಿಲ್ಲಪ್ಪ, ಹೇಗೆ ಬಡೀತದೆ ಅನ್ನೋದು ಮಾತ್ರ ನನ್ನ ಪಾಠ, ಗೊತ್ತಿಲ್ಲ ಅನ್ನೋಕೆ ಟೀಚರಿಗೆ ನಾಚಿಕೆ ಆಗಬಾರದು ನೋಡಿ. ಹಾಗಂದಿದ್ದರು, ಸರಿಯಾಗಿ ನೆನಪಿದೆ. ಆಮೇಲೆ ಅವಳ ಕಡೆ ತಿರುಗಿ, ಆರಿಸು ಮಗೂ, ಬಿಸಿ ಆಗ್ತದೆ ಅದಕ್ಕೆ. ಅವಳಿಗೆ ಆರಿಸಲು ಮನಸ್ಸೇ ಬರಲಿಲ್ಲ. ಆರಿಸಿದರೆ ಅದು ಬರೀ ಮೊಟ್ಟೆ, ಅಂಗಡಿಯ ಮೊಟ್ಟೆ, ಒಳಗೆ ಏನಿದೆಯೆಂದು ಯಾರು ನಂಬುತ್ತಾರೆ. ಆ ವಾರವೇ ಟೀಚರ್ ಅವಳಿಗೆ ಎರಡು ನೋಟುಪುಸ್ತಕ ಕೊಟ್ಟರು, ಒಂದರಲ್ಲಿ ಕಂಡದ್ದು ಬರಿ, ಇನ್ನೊಂದರಲ್ಲಿ ಅನಿಸಿದ್ದು ಬರಿ, ಎರಡನ್ನೂ ಬೆರಸಬೇಡ, ಅಷ್ಟು ಕಲಿತರೆ ಸಾಕು ನೀನು. ಅನಿಸಿದ್ದರ ಪುಸ್ತಕವೇ ಆಮೇಲೆ ಡೈರಿಯಾಯಿತು, ಒಂಬತ್ತು ವರ್ಷದಲ್ಲಿ ಹದಿನೇಳು ಪುಸ್ತಕ, ಹದಿನೇಳನೆಯದು ಈಗ ಅವಳ ಕಾಲ ಬಳಿ, ಕೈಚೀಲದಲ್ಲಿ, ಚೀಲ ಪಾದಕ್ಕೆ ತಾಗುತ್ತಿದೆ, ತಾಗದ ಹಾಗೆ ಪಾದ ಸರಿಸಿಕೊಂಡಳು, ಮತ್ತೆ ತಾಗಿತು.

ಐದು ವಾರದ ಹಿಂದೆ ಇದೇ ಸಭಾಂಗಣ, ಇದೇ ಮೇಜು, ಆವತ್ತು ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು, ಎಂಟನೇ ತರಗತಿಗೆ ಜೀವವಿಕಾಸದ ಪಾಠ ಇರಬೇಕೋ ಬೇಡವೋ, ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು, ತಿಳಿಸಿದರು, ಒಬ್ಬರ ಮೇಲೊಬ್ಬರು ಬಿದ್ದು ತಿಳಿಸಿದರು. ನಿಮ್ಮ ತಾತ ಕೋತಿ ಇರಬಹುದು ಸ್ವಾಮಿ, ನಮ್ಮ ತಾತ ಪೋಸ್ಟ್‌ಮಾಸ್ಟರ್ ಆಗಿದ್ದರು, ಎಂದರು ಒಬ್ಬ ದಪ್ಪ ಕನ್ನಡಕದವರು, ಗೋಡೆಯ ಕಡೆಯಿಂದ ಯಾರೋ, ಅದಕ್ಕೇ ನಿಮಗೆ ವಿಷಯ ಇಷ್ಟು ತಡವಾಗಿ ತಲುಪಿರೋದು, ನಗುವೋ ನಗು, ಅಧ್ಯಕ್ಷರು ಮೇಜು ಕುಟ್ಟಿದರು, ಅವಳು ಅದನ್ನೆಲ್ಲ ಬರೆಯಲಿಲ್ಲ, ಒಬ್ಬರಿಗೆ ಮೂರು ಸಾಲು ಎಂಬುದು ಹಿರಿಯ ಗುಮಾಸ್ತರು ಮೊದಲ ದಿನವೇ ಹೇಳಿಕೊಟ್ಟ ಲೆಕ್ಕ, ಮೂರರಲ್ಲಿ ಹಿಡಿಸಮ್ಮ, ನಾಲ್ಕನೇ ಸಾಲು ಬರೆದೆಯೋ, ಮುಂದಿನವನು ನನಗ್ಯಾಕೆ ಮೂರೇ ಅಂತ ಜಗಳಕ್ಕೆ ಬರ್ತಾನೆ. ಆಮೇಲೆ ಒಬ್ಬ ದರ್ಜಿ ಎದ್ದ. ಕೂಗಲಿಲ್ಲ, ಅದೇ ಅವಳಿಗೆ ಕಷ್ಟವಾದದ್ದು, ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು, ಕೆಲಸದಿಂದ ನೇರ ಎದ್ದುಬಂದಿದ್ದ. ಟೀಚರ್, ನನ್ನ ಮಗಳು ನಿಮ್ಮ ಪಾಠ ಕೇಳಿ ಬಂದ ಮೇಲೆ ಕೈ ಮುಗಿಯೋದು ಬಿಟ್ಟಿದ್ದಾಳೆ, ಅದೂ ಹೋಗಲಿ, ಮನುಷ್ಯ ಪ್ರಾಣಿಯಿಂದ ಬಂದ ಅಂದ ಮೇಲೆ ನಾಳೆ ಅವಳು ಪ್ರಾಣಿ ಥರ ನಡ್ಕೊಂಡ್ರೆ ನಾನು ಯಾವ ಬಾಯಲ್ಲಿ ಬುದ್ಧಿ ಹೇಳಲಿ, ನಿಮ್ಮ ಪಾಠದಲ್ಲಿ ದೇವರಿಗೆ ಒಂದಿಷ್ಟಾದರೂ ಜಾಗ ಇದೆಯಾ ಇಲ್ವಾ, ಅಷ್ಟು ಹೇಳಿ. ಟೀಚರ್ ಎದ್ದು ನಿಂತರು. ದೇವರಿಗೆ ನನ್ನ ಪಾಠದಲ್ಲಿ ಜಾಗ ಇಲ್ಲಪ್ಪ, ಎಂದರು, ಅವಳು ಬರೆದಳು, ಆ ಸಾಲು ಬರೆದಳು, ಗದ್ದಲ ಏಳುವ ಮೊದಲೇ ಟೀಚರ್ ಕೈ ಚಾಚಿ — ನಾನು ಏನು ಪಾಠ ಮಾಡ್ತೀನಿ ಅಂತ ಬೇಕಿದ್ದರೆ ಅಲ್ಲಿ ಬರ್ಕೊಳ್ತಾ ಕೂತಿದ್ದಾಳಲ್ಲ, ಆ ಹುಡುಗೀನೇ ಕೇಳಿ, ನನ್ನ ವಿದ್ಯಾರ್ಥಿನಿ ಅವಳು — ಇಡೀ ಸಭಾಂಗಣ ತಿರುಗಿ ಅವಳನ್ನು ನೋಡಿತು. ನೋಡಿತು ಅಷ್ಟೇ. ಯಾರೂ ಏನೂ ಕೇಳಲಿಲ್ಲ. ಅವಳ ಕಿವಿ ಬಿಸಿಯಾಯಿತು, ಮುಖ ಉರಿಯಿತು, ತಲೆ ತನ್ನಷ್ಟಕ್ಕೇ ಕೆಳಗೆ ಹೋಯಿತು, ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತು ಶಾಯಿ ಹರಡುತ್ತಿತ್ತು, ಮೇಲಿನಿಂದ ಟೀಚರ ದನಿ ಬರುತ್ತಲೇ ಇತ್ತು, ಒಂದೊಂದು ಮಾತೂ ಕೇಳಿಸಿತು, ಯಾಕಂದ್ರೆ ನನ್ನ ಪಾಠ ಅಷ್ಟು ದೊಡ್ಡದಲ್ಲ, ಹೇಗೆ ಅನ್ನೋದಷ್ಟೇ ನನಗೆ ಗೊತ್ತಿರೋದು, ಯಾಕೆ, ಯಾರು, ಅದನ್ನ ನಿಮ್ಮ ಮಗಳು ನಿಮ್ಮ ಹತ್ರ ಕೇಳಬೇಕು, ಒಳ್ಳೇದು ಕೆಟ್ಟದ್ದೂ ಅಷ್ಟೇ, ಆ ಪಾಠ ನಿಮ್ಮದು, ಅದನ್ನ ನಿಮ್ಮ ಕೈಯಿಂದ ಕಿತ್ಕೊಳ್ಳೋಕೆ ನಾನು ಬಂದಿಲ್ಲ, ಮಗಳನ್ನ ಕರ್ಕೊಂಡು ಒಂದು ದಿನ ಬನ್ನಿ, ಮೊಟ್ಟೆ ತೋರಿಸ್ತೀನಿ. ದರ್ಜಿ ಅಳತೆಪಟ್ಟಿ ಸುತ್ತಿ ಜೇಬಿಗೆ ಹಾಕಿಕೊಂಡು ಕೂತ. ಅವಳ ಪೆನ್ನು ಆ ಮಾತುಗಳಲ್ಲಿ ಒಂದನ್ನೂ ಬರೆದಿರಲಿಲ್ಲ. ಮುಂದಿನವರ ಹೆಸರು ಕೂಗಿದರು.

ಕರಡಿನಲ್ಲಿ ಇಲ್ಲದ್ದು ನಡಾವಳಿಯಲ್ಲಿ ಬರಬಾರದು, ಇದೂ ಹಿರಿಯ ಗುಮಾಸ್ತರ ಮಾತೇ. ಕೇಳಬಹುದಿತ್ತು ಅವರನ್ನು, ಸಾರ್, ಅಲ್ಲಿ ಒಂದು ಮಾತು ಬಿಟ್ಟುಹೋಗಿದೆ, ಸೇರಿಸಲಾ, ಯಾಕಮ್ಮಾ ಬಿಟ್ಟೆ, ಎಲ್ಲರೂ ನನ್ನ ಕಡೆ ನೋಡಿದರು ಸಾರ್, ನಾಚಿಕೆ ಆಯಿತು — ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ, ಪದವಿ ಮುಗಿಸಿದ ಹೆಣ್ಣು, ಸಂಬಳ ತಗೊಳ್ಳುವವಳು, ನಾಚಿಕೆ ಆಯಿತು ಅಂತ. ಮಾರನೆಯ ದಿನ ಅಚ್ಚುಕಟ್ಟಾಗಿ ನಕಲು ಮಾಡುವಾಗ ಟೀಚರ ಪಾಲಿಗೆ ಒಂದೇ ಸಾಲು, ಕೆಳಗೆ ಎರಡು ಸಾಲಿನ ಬಿಳಿ, ಕಣ್ಣಿಗೆ ಹೊಡೆಯುವ ಬಿಳಿ, ಆಗ ಅವಳು ಮಾಡಿದ್ದೇನು, ಅಕ್ಷರ ದಪ್ಪ ಮಾಡಿದಳು. ಪದಗಳ ನಡುವೆ ಬೆರಳಗಲ ಜಾಗ ಬಿಟ್ಟಳು. ಪೋಷಕರೊಬ್ಬರ ಪ್ರಶ್ನೆಗೆ ಉತ್ತರಿಸುತ್ತಾ ವಿಜ್ಞಾನ ಶಿಕ್ಷಕಿಯವರು ತಮ್ಮ ಪಾಠದಲ್ಲಿ ದೇವರಿಗೆ ಜಾಗವಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದರು — ಆ ಸ್ಪಷ್ಟವಾಗಿ ಎಂಬುದು ಸಾಲು ತುಂಬಿಸಲು ಹಾಕಿದ್ದು, ಟೀಚರ ಬಾಯಿಂದ ಬಂದದ್ದಲ್ಲ, ಮೂರು ಸಾಲಾಯಿತು. ಡೈರಿಯಲ್ಲಿ ಮಾತ್ರ ಹಿಂದಿನ ಸಂಜೆಯೇ ಎಲ್ಲವನ್ನೂ ಬರೆದಾಗಿತ್ತು, ಮೊಟ್ಟೆ ತೋರಿಸ್ತೀನಿ ಅನ್ನುವವರೆಗೂ, ತಾರೀಖು ಸಮೇತ, ಕಂಡದ್ದೆಲ್ಲ ಅನಿಸಿದ್ದರ ಪುಸ್ತಕಕ್ಕೆ ಹೋಗಿ ಕೂತಿದೆ, ಎರಡನ್ನೂ ಬೆರಸಬೇಡ ಎಂದಿದ್ದರಲ್ಲ, ಬೆರಸಲಿಲ್ಲ ಟೀಚರ್, ಅದಲುಬದಲು ಮಾಡಿದೆ. ಪತ್ರಿಕೆಯವರು ನಡಾವಳಿಯ ಪ್ರತಿ ಕೇಳಿದರು, ಕಚೇರಿಯವರು ಕೊಟ್ಟರು. ತರಗತಿಯಲ್ಲಿ ದೇವರಿಗೆ ಜಾಗವಿಲ್ಲ, ಇಷ್ಟು ದಪ್ಪ ಅಕ್ಷರದಲ್ಲಿ. ಅಮ್ಮ ಓದಿ ಕನ್ನಡಕ ತೆಗೆದು, ನಿನಗೆ ವಿಷಮಜ್ವರ ಬಂದಾಗ ಮನೆಗೆ ಬಂದವರು ಇವರೇ ಅಲ್ವೇನೇ, ನಾನು ಪ್ರಾರ್ಥನೆ ಮುಗಿಸೋವರೆಗೂ ಪಕ್ಕದಲ್ಲೇ ನಿಂತಿದ್ದರು, ಒಂದು ಮಾತಾಡಲಿಲ್ಲ, ಆಮೇಲೆ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ ಅಂದರು, ಅಂಥವರು ಹೀಗಂದ್ರಾ. ಅವಳು ತಟ್ಟೆ ನೋಡುತ್ತಿದ್ದಳು. ನೀನೇ ಬರ್ದಿದ್ದು ಅಂದ ಮೇಲೆ ನಿಜಾನೇ ಬಿಡು, ಎಂದಳು ಅಮ್ಮ, ನಿಟ್ಟುಸಿರಿಟ್ಟು ಪತ್ರಿಕೆ ಮಡಿಸಿದಳು. ವಿಚಾರಣೆ ಮುಗಿಯುವವರೆಗೆ ಪಾಠ ಮಾಡಕೂಡದು ಎಂಬ ಆದೇಶವನ್ನು ಟೀಚರಿಗೆ ಮುಟ್ಟಿಸಿ ಸಹಿ ತರಬೇಕಾದವಳೂ ಅವಳೇ, ಶಾಲೆಯ ದಾಸ್ತಾನು ಕೋಣೆ, ಗೆದ್ದಲು ಪುಡಿಯ ವಾಸನೆ, ಮುರಿದ ಬೆಂಚುಗಳ ನಡುವೆ ಟೀಚರ್ ಹಳೆಯ ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದರು, ಬೆರಳಿಗೆಲ್ಲ ಗೋಂದು, ಅವಳನ್ನು ಕಂಡು, ಬಾ ಬಾ, ಎಷ್ಟು ಸೊರಗಿದ್ದೀಯೇ, ಕೂತ್ಕೋ. ಆದೇಶ ಓದಿದರು. ಅಕ್ಷರ ಇನ್ನೂ ಹಾಗೇ ಇದೆ, ಮುತ್ತಿನ ಹಾಗೆ, ಎಂದರು. ಎರಡೂ ಪುಸ್ತಕ ಈಗಲೂ ಬರೀತೀಯಾ, ಎಂದರು. ಅವಳು ಹೂಂ ಅಂದಳು. ಹೂಂ ಅಂದಳು! ಗೋಂದಿನ ಬೆರಳಿನ ಗುರುತು ಸಹಿಯ ಪಕ್ಕದಲ್ಲಿ ಈಗಲೂ ಇದೆ, ಇದೇ ಕಡತದಲ್ಲಿ, ಕೊನೆಯ ಹಾಳೆ.

ಓದಮ್ಮ, ಅಧ್ಯಕ್ಷರು. ಓದುತ್ತಿದ್ದಾಳೆ. ಅವಳ ದನಿ ಅವಳಿಗಿಂತ ಮುಂದೆ ಹೋಗಿ ಎದುರುಗೋಡೆಗೆ ಬಡಿದು ವಾಪಸು ಬರುತ್ತಿದೆ, ಯಾರದ್ದೋ ದನಿ, ಒಂದನೇ ಪುಟ, ಮೂರು, ಐದು, ಪೋಸ್ಟ್‌ಮಾಸ್ಟರ ಮೊಮ್ಮಗನಿಗೆ ಮೂರು ಸಾಲು, ದರ್ಜಿಗೆ ಮೂರು ಸಾಲು, ಏಳನೇ ಪುಟ, ಸ್ಪಷ್ಟವಾಗಿ ತಿಳಿಸಿದರು ಎಂದು ಓದಿದಳು, ಸ್ಪಷ್ಟವಾಗಿಯೇ ಓದಿದಳು, ಮುಗಿಸಿದಳು. ಇದನ್ನ ಅಂಗೀಕರಿಸಿದರೆ ಇದೇ ದಾಖಲೆ, ಎಂದರು ಅಧ್ಯಕ್ಷರು, ಎರಡನೇ ವಿಷಯಕ್ಕೆ, ಅಂದರೆ ಶಿಕ್ಷಕಿಯವರನ್ನ ಇಟ್ಟುಕೊಳ್ಳೋದೋ ತೆಗೆಯೋದೋ ಅನ್ನೋದಕ್ಕೆ, ಇದೇ ಆಧಾರ, ಯಾರದ್ದಾದರೂ ತಕರಾರು ಇದೆಯಾ. ಯಾರೂ ಇಲ್ಲ. ಒಂದು ಕೈ. ದರ್ಜಿ. ಸಾರ್, ಅವರು ಇನ್ನೂ ಏನೋ ಹೇಳಿದ್ದರು, ಆ ಮಾತಿನ ಮೇಲೆ. ಏನು ಹೇಳಿದ್ದರು? ಪದಪದ ನನಗೆ ನೆನಪಿಲ್ಲ ಸಾರ್, ನಾನು ಓದಿದವನಲ್ಲ, ಆದರೆ ಸಮಾಧಾನ ಆಗಿತ್ತು, ಸಮಾಧಾನ ಆಗದೆ ನಾನು ಕೂತ್ಕೊಳ್ಳೋ ಪೈಕಿ ಅಲ್ಲ. ಎಲ್ಲೋ ನಗು. ಸಮಾಧಾನ ಆಗಿತ್ತು ಅಂತ ದಾಖಲೆಗೆ ಹಾಕೋಕೆ ಆಗೋದಿಲ್ಲಪ್ಪ, ಅಧ್ಯಕ್ಷರು ಮೆತ್ತಗೆ ಹೇಳಿದರು, ಶಿಕ್ಷಕಿಯವರೇ ಇದ್ದಾರಲ್ಲ, ಹೇಳಿ ಮೇಡಂ, ನಡಾವಳಿ ಸರಿ ಇದೆಯಾ. ಹೇಳಿ ಟೀಚರ್, ತಪ್ಪು ಅನ್ನಿ, ಬರೆದವಳು ತಪ್ಪು ಬರೆದಿದ್ದಾಳೆ ಅನ್ನಿ, ಎಲ್ಲರೂ ತಿರುಗಿ ನನ್ನನ್ನು ನೋಡಲಿ, ಈ ಸಲ ನೋಡಲಿ. ಟೀಚರ್ ಚೀಲ ಹಿಡಿದುಕೊಂಡೇ ಎದ್ದರು. ನಾನೂ ಇನ್ನೇನೋ ಹೇಳಿದ ಹಾಗೆ ನೆನಪು, ಎಂದರು, ನಿಧಾನವಾಗಿ, ಆದರೆ ಐವತ್ತೆಂಟು ದಾಟಿತು, ನೆನಪನ್ನ ನಂಬೋಕಾಗಲ್ಲ, ಮನಸ್ಸಲ್ಲಿ ಅಂದ್ಕೊಂಡಿದ್ದನ್ನ ಬಾಯಲ್ಲಿ ಹೇಳಿದೆ ಅಂದ್ಕೊಂಡಿರಬಹುದು. ಬರೆದವಳು ನನ್ನ ಹುಡುಗಿ. ಕಂಡದ್ದನ್ನ ಬಿಟ್ಟು ಬೇರೆ ಬರೆಯೋದು ಅವಳಿಗೆ ಗೊತ್ತಿಲ್ಲ. ಅವಳು ಬರೆದಿದ್ದಾಳೆ ಅಂದರೆ ನಾನು ಅಷ್ಟೇ ಹೇಳಿರಬೇಕು. ಕೂತರು.

ಸರಿ ಹಾಗಾದರೆ, ಮೇಜಿನ ಹಿಂದಿನ ಐದು ಕೈಗಳು ಮೇಲೆ ಹೋದವು, ಇಳಿದವು, ಅಂಗೀಕರಿಸಲಾಯಿತು ಅಂತ ಬರ್ಕೊಳಮ್ಮ, ಅಧ್ಯಕ್ಷರು, ಆ ಮೈಕ್ ಆರಿಸಿ ಈ ಕಡೆ ಕೊಡು. ಬರೆಯಬೇಕು. ಬರೆಯಲು ಪೆನ್ನಿನ ಟೋಪಿ ತೆಗೆಯಬೇಕು, ತೆಗೆಯಲು ಎರಡು ಕೈ ಬೇಕು, ಒಂದು ಕೈ ಯಾವಾಗಲೋ ಮೈಕಿನ ಗುಂಡಿಯ ಮೇಲೆ ಹೋಗಿ ಕೂತಿದೆ, ಡೈರಿಯ ಚೀಲ ಪಾದಕ್ಕೆ ತಾಗುತ್ತಿದೆ, ಸರಿಸಿಕೊಳ್ಳಲಿಲ್ಲ, ಟೀಚರ್ ಕಿಟಕಿಯ ಕಡೆ ನೋಡುತ್ತಿದ್ದಾರೆ, ಗದ್ದ ಮೇಲಕ್ಕೆತ್ತಿಲ್ಲ, ಉಗುರಿನ ಅಂಚಿನಲ್ಲಿ ಗೋಂದು ಒಣಗಿ ಬೆಳ್ಳಗಾಗಿದೆ, ಇಲ್ಲಿಂದ ಹೇಗೆ ಕಾಣುತ್ತದೆ, ಕಾಣುವುದಿಲ್ಲ, ಆದರೂ ಕಾಣುತ್ತಿದೆ, ಏನಮ್ಮಾ, ಆರಿಸು ಅಂದೆ, ಆರಿಸು ಮಗೂ, ಬಿಸಿ ಆಗ್ತದೆ ಅದಕ್ಕೆ, ಅವಳ ಉಸಿರು ಎರಡು ಕಪ್ಪು ಪೆಟ್ಟಿಗೆಗಳಿಂದ ಹೊರಗೆ ಬರುತ್ತಿದೆ, ದೊಡ್ಡದಾಗಿ, ಸಭಾಂಗಣದ ತುಂಬ, ಒಳಗೆ, ಹೊರಗೆ, ಒಬ್ಬೊಬ್ಬರೇ ತಿರುಗುತ್ತಿದ್ದಾರೆ, ಕಿವಿ ಬಿಸಿಯಾಗುತ್ತಿದೆ, ಬೆರಳ ಕೆಳಗೆ ಗುಂಡಿ, ಒತ್ತಿದರೆ ಬರೀ ಮೊಟ್ಟೆ, ಅಂಗಡಿಯ ಮೊಟ್ಟೆ, ಒತ್ತಲಿಲ್ಲ, ಇನ್ನೂ ಒತ್ತಲಿಲ್ಲ, ಕೆಂಪು ಚುಕ್ಕೆ, ಗುಂಡುಪಿನ್ನಿನ ತಲೆಯಷ್ಟು, ಕೆಂಪು ಚುಕ್ಕೆ —