ನೇಯ್ಗೆ ಶೆಡ್ಡಿನ ಬೆಳಕು

"ಇವ್ರನ್ನ ಯಾರೂ ದಬ್ಬಿಲ್ಲವ್ವಾ," ಎಂದರು ವೀರಣ್ಣ, ಲ್ಯಾಪ್‌ಟಾಪಿನ ಫೋಟೋಕ್ಕೆ ಬೆರಳು ತಾಗಿಸಿ.

ಸೊಸೆ ಗಂಗಾಂಬಿಕಾಗೆ ರೇಗಿತು. ಸೋಮವಾರ ಬೆಳಿಗ್ಗೆ ಅಟ್ಲಾಂಟಾದಲ್ಲಿರುವ ಅಡ್ವೈಸರ್‌ಗೆ ಪ್ರಬಂಧದ ಕೊನೆಯ ಅಧ್ಯಾಯ ಕಳಿಸಬೇಕು. ಇವತ್ತು ಶನಿವಾರ ಸಂಜೆ. ಚೀನಾದ ಒಂದು ಊರಿನ ಮುಚ್ಚಿದ ಹತ್ತಿ ಗಿರಣಿಗೆ ಚಿತ್ರಕಾರರು ಬಂದು ಸೇರಿದ್ದು, ನೋಡಲು ಜನ ಮುಗಿಬಿದ್ದದ್ದು, ಆಮೇಲೆ ಸರ್ಕಾರ 'ಕಲಾ ಪಾರ್ಕ್' ಎಂದು ಫಲಕ ಹಾಕಿ ತಾನೇ ನಡೆಸತೊಡಗಿದ್ದು ಅವಳ ವಿಷಯ. ಫಲಕ ಬಂದ ವರ್ಷವೇ ರಸ್ತೆ ಬದಿಯ ಕಟ್ಟಡಕ್ಕೆ ಕಾಫಿ ಅಂಗಡಿಗಳು ಬಂದವು, ಚಿತ್ರಕಾರರು ಹಿಂದಿನ ಶೆಡ್ಡಿಗೆ ಹೋದರು. ಸರ್ಕಾರ ಅವರನ್ನು ದಬ್ಬಿತು ಎಂಬ ಒಂದು ಮಾತಿನ ಮೇಲೆ ಅವಳ ಪ್ರಬಂಧವೆಲ್ಲ ನಿಂತಿತ್ತು.

ಆರು ತಿಂಗಳಿಗೆಂದು ಅಮೆರಿಕದ ಫೋರ್ಟ್ ಮಿಲ್ ಊರಿನ ಮಗನ ಮನೆಗೆ ಬಂದಿದ್ದ ಮಾವನಿಗೆ ಚೀನಾದ ಗಂಧಗಾಳಿ ಗೊತ್ತಿರಲಿಲ್ಲ. ಆದರೆ ದಾವಣಗೆರೆಯ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಮಗ್ಗ ನಡೆಸಿದವರು. ಫೋಟೋದಲ್ಲಿ ಹಿಂದಿನ ಶೆಡ್ಡಿನ, ಗರಗಸದ ಹಲ್ಲಿನಂತಿದ್ದ ಸೂರನ್ನು ತೋರಿಸಿದರು.

"ಮುಂದಿಂದು ಗೋಡೌನು. ಇದು ನೇಯ್ಗೆ ಶೆಡ್ಡು. ಗಾಜೆಲ್ಲ ಉತ್ತರಕ್ಕೆ ಇಟ್ಟಿರ್ತಾರೆ. ಬಿಸಿಲು ಬೀಳಂಗಿಲ್ಲ, ಬೆಳಕು ಮಾತ್ರ ದಿನವೆಲ್ಲ ಒಂದೇ ಸಮ. ಎಳೆ ಹರಿದ್ರೆ ಕಾಣಬೇಕಲ್ಲ? ಬಣ್ಣ ಹಚ್ಚೋರು ಇದನ್ನ ಬಿಟ್ಟು ಗೋಡೌನ್ ಕೇಳ್ತಾರೇನು?"

ಗಂಗಾಂಬಿಕಾ ಫೋಟೋ ದೊಡ್ಡದು ಮಾಡಿ ಆ ಗಾಜುಗಳನ್ನು ನೋಡಿದಳು. ಕೋವಿಡ್‌ನಿಂದ ಹೋಗಲಾಗದೆ, ಎರಡು ವರ್ಷ ವಿಡಿಯೋ ಕಾಲ್‌ನಲ್ಲೇ ಆ ಗಿರಣಿಯ ಚಿತ್ರಕಾರ್ತಿ ಲಿನ್‌ಳನ್ನು ಬಾಡಿಗೆ, ಪರವಾನಗಿ, ಅಧಿಕಾರಿಗಳು ಅಂತ ನೂರೆಂಟು ಕೇಳಿದ್ದಳು. ಯಾಕೆ ಹಿಂದಕ್ಕೆ ಹೋದಿರಿ ಅಂತ ಮಾತ್ರ ಕೇಳಿರಲಿಲ್ಲ. ಓದಿಕೊಂಡವಳಲ್ಲವೇ, ಉತ್ತರ ತನಗೇ ಗೊತ್ತು ಎಂದುಕೊಂಡಿದ್ದಳು.

ಚೀನಾದಲ್ಲಿ ಆಗಲೇ ಭಾನುವಾರ ಬೆಳಗಾಗಿತ್ತು. ಲಿನ್ ವಿಡಿಯೋ ಕಾಲ್ ಎತ್ತಿದಳು, ಗಂಗಾಂಬಿಕಾ ಚೀನೀ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಬಿದ್ದು ಬಿದ್ದು ನಕ್ಕಳು. ಶೆಡ್ಡು ಬೇಕೆಂದು ಮೂರು ತಿಂಗಳು ಜಗ್ಗಾಡಿದ್ದು ತಾವೇ, ಫಲಕ ಮತ್ತು ರಸ್ತೆ ಬದಿಯ ಕಟ್ಟಡ ಸರ್ಕಾರಕ್ಕಿರಲಿ ಎಂದು ಬಿಟ್ಟುಕೊಟ್ಟದ್ದೂ ತಾವೇ ಎಂದಳು. ಆಮೇಲೆ ನಗು ಇಳಿಯಿತು. ಪ್ರತಿ ಪ್ರದರ್ಶನಕ್ಕೂ ಹತ್ತು ದಿನ ಮೊದಲು ಚಿತ್ರಗಳ ಪಟ್ಟಿ ಒಪ್ಪಿಗೆಗಾಗಿ ಸರ್ಕಾರಿ ಕಚೇರಿಗೆ ಹೋಗಬೇಕು. ಹೋದ ತಿಂಗಳು ಅವಳವೇ ಎರಡು ಚಿತ್ರ ಒಪ್ಪಿಗೆ ಸಿಗದೆ ವಾಪಸು ಬಂದಿದ್ದವು.

"ಶೆಡ್ಡು ನಾವೇ ಕೇಳಿದ್ದು, ಚಿತ್ರ ಅವರು ತಡೆದದ್ದು, ನನ್ನ ಹೆಸರು ಬಿಟ್ಟು ಎರಡನ್ನೂ ಬರಿ," ಎಂದಳು.

ಎರಡು ವರ್ಷದ ವಾದ ತಲೆಕೆಳಗಾದದ್ದಕ್ಕೆ ಗಂಗಾಂಬಿಕಾ ಅಳಬೇಕಿತ್ತು. ಅವಳಿಗೆ ಎದ್ದು ಕುಣಿಯಬೇಕೆನಿಸಿತು. ಈಗ ಆ ಗಿರಣಿಯಲ್ಲಿ ಬರೀ ಪಾಪದವರಿರಲಿಲ್ಲ, ಚೌಕಾಸಿ ಮಾಡಬಲ್ಲ ಜಾಣರಿದ್ದರು.

"ಮಾವ, ಚಾಪ್ಟರ್ ಪೂರ್ತಿ ರೀರೈಟ್ ಮಾಡ್ಬೇಕು."

"ಮಾಡು. ರೊಟ್ಟಿ ನಾನು ಬಡೀತೀನಿ."

ಮೂವತ್ತೊಂದು ವರ್ಷ ಮಗ್ಗ ನಡೆಸಿದ ಮಾವನ ವಿಷಯ ಗಂಗಾಂಬಿಕಾಳಿಂದ ತಿಳಿದ ಲಿನ್, ತಾನು ನಿಂತಿರುವ ಶೆಡ್ಡಿನಲ್ಲಿ ಮಗ್ಗಗಳು ಎಲ್ಲೆಲ್ಲಿ ಇದ್ದಿರಬಹುದೆಂದು ಕೇಳಿದಳು. ಗಂಗಾಂಬಿಕಾ ಅದನ್ನು ಕನ್ನಡದಲ್ಲಿ ಹೇಳಿದಳು. ವೀರಣ್ಣ ಎದ್ದು ಕುರ್ಚಿ ಸರಿಸಿ, ಕಾರ್ಪೆಟ್ಟಿನ ಮೇಲೆ ಅಳೆದಂತೆ ಹೆಜ್ಜೆ ಹಾಕಿ ನಿಂತರು. ಗಂಗಾಂಬಿಕಾ ಕ್ಯಾಮೆರಾವನ್ನು ಅವರ ಕಾಲಿನತ್ತ ತಿರುಗಿಸಿದಳು.

"ಇಲ್ಲೊಂದು ಮಗ್ಗ."

ಅತ್ತ ಲಿನ್ ಫೋನನ್ನು ಸ್ಟೂಲಿನ ಮೇಲಿಟ್ಟು, ಅಷ್ಟೇ ಹೆಜ್ಜೆ ನಡೆದು, ಬಗ್ಗಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಆಮೇಲೆ ತಲೆಯೆತ್ತಿ, ಮುಂದಿನ ಹೆಜ್ಜೆಗಾಗಿ ವೀರಣ್ಣನ ಕಾಲುಗಳನ್ನೇ ನೋಡುತ್ತ ಕಾದಳು.