ಹಲ್ಲಿಯ ಬೆನ್ನಿನ ಜಿಪ್

ಆ ಭಾನುವಾರ ಮಧ್ಯಾಹ್ನ ಹಳೆಯ ಟಾಕೀಸಿನಲ್ಲಿ ಅತಿ ಕೆಟ್ಟ ಸಿನಿಮಾದ ವಿಶೇಷ ಪ್ರದರ್ಶನ. ಹೊಟ್ಟೆ ತುಂಬ ನಕ್ಕು ಹೋಗಿ ಎಂದು ಬಾಗಿಲಲ್ಲೇ ಬೋರ್ಡು ಬರೆದಿದ್ದರು. ಟೈಲರ್ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುವೆಮನೆಗೆ ಹೊರಟವನಂತೆ ಬಂದಿದ್ದ.

"ರೀಲು ತುಂಬ ಹಳೇದು ಯಜಮಾನ್ರೇ, ಅಲ್ಲಲ್ಲಿ ತುಂಡಾಗಿದೆ. ಆಮೇಲೆ ಬೈಬೇಡಿ," ಎಂದ ಟಿಕೆಟ್ ಹರಿಯುವವನು.

ಟೈಲರ್ ಟಿಕೆಟ್ ಕೊಡದೆ ಹಿಡಿದೇ ಕೇಳಿದ. "ಹಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಲ್ಲ, ಅದಿದೆಯಾ?"

"ಹಲ್ಲಿ ಇದೆ. ಬೆನ್ನು ನಾನು ನೋಡಿಲ್ಲ."

ಬೇರೆ ಗ್ರಹದಿಂದ ಬರುವ ಆ ಹಲ್ಲಿಯ ವೇಷ ಹೊಲಿದವನು ಇವನೇ, ಇಪ್ಪತ್ತೆಂಟು ವರ್ಷದ ಹಿಂದೆ. ಸ್ಪಂಜು, ರೆಕ್ಸಿನ್, ಬೆನ್ನುದ್ದಕ್ಕೂ ಒಂದು ಜಿಪ್. ಹಾಕಿಕೊಂಡ ನಟ ಅರ್ಧ ದಿನಕ್ಕೇ ಸೆಕೆ ತಾಳದೆ ತಲೆ ಸುತ್ತಿ ಬಿದ್ದ. ವೇಷ ಸರಿಹೊಂದಿದ್ದು ಸೆಟ್ಟಿಗೆ ರಟ್ಟಿನ ಪುಟ್ಟ ಮನೆಗಳನ್ನು ಅಂಟಿಸಲು ಬಂದಿದ್ದ ಟೈಲರ್‌ನ ಹೆಂಡತಿಗೆ. ಅವಳು ಸೆರಗು ಬಿಗಿದು ಒಳಗಿಳಿದಳು. ಈಗ ಅವಳಿಲ್ಲದೆ ಆರು ವರ್ಷ. ಮನೆಯಲ್ಲಿರುವುದು ಒಂದು ಮದುವೆ ಫೋಟೋ, ಅದರಲ್ಲಿ ಬೆದರಿ ನಿಂತಿದ್ದಾಳೆ. ಅವಳು ನಡೆದಾಡುವುದನ್ನು ನೋಡಬೇಕೆಂದರೆ ಈ ದರಿದ್ರ ಸಿನಿಮಾ ಒಂದೇ ಗತಿ.

ಸಿನಿಮಾ ಶುರುವಾಯಿತು. ಎರಡು ಸ್ಟೀಲ್ ತಟ್ಟೆ ಬೋರಲು ಹಾಕಿದಂಥ ಆಕಾಶನೌಕೆ ದಾರದಲ್ಲಿ ತೂಗಾಡುತ್ತ ಇಳಿಯಿತು.

"ಗಾಳಿನೇ ಇಲ್ಲದ ಗ್ರಹದಲ್ಲಿ ಹೀರೋ ಕೂದಲು ಹಾರ್ತಿದೆಯಲ್ಲ!" ಪಕ್ಕದ ಸೀಟಿನ ನರ್ಸ್ ನಕ್ಕಳು. ಡ್ಯೂಟಿ ಮುಗಿಸಿ ನೇರ ಬಂದವಳು.

"ಬಾಡಿಗೆಗೆ ಫ್ಯಾನ್ ತಂದಿದ್ರಮ್ಮಾ. ತಂದಮೇಲೆ ಹಾಕದೆ ಇರೋಕಾಗುತ್ತಾ?"

"ಅಯ್ಯೋ, ಇವನು ವಿಜ್ಞಾನಿನಾ?"

"ಬಿಳಿ ಕೋಟು ಇದೆಯಲ್ಲ. ಇಡೀ ಸಿನಿಮಾದಲ್ಲಿ ವಿಜ್ಞಾನ ಅಂತ ಇರೋದು ಆ ಕೋಟು ಒಂದೇ."

ನರ್ಸ್ ಬಿದ್ದು ಬಿದ್ದು ನಕ್ಕಳು. ಟೈಲರ್‌ಗೂ ಹಿತವಾಯಿತು. ಯಾರಾದರೂ ಅವನ ಮಾತಿಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಹಲ್ಲಿ ಊರಿಗೆ ನುಗ್ಗಿತು. ಮೊದಲು ಆ ನಟ, ಪೈಲ್ವಾನನ ಹಾಗೆ ಧಿಮಿಧಿಮಿ ಕುಣಿದ. ಚಿತ್ರ ಒಮ್ಮೆ ಎಗರಿತು. ಟೈಲರ್ ಸೀಟಿನ ಕೈ ಗಟ್ಟಿಯಾಗಿ ಹಿಡಿದ.

ಅವಳು ಬಂದಳು. ಎಡಗಾಲು ತುಸು ಎಳೆಯುವ ಅದೇ ನಡಿಗೆ. ಒದೆದು ಪುಡಿ ಮಾಡಬೇಕಾದ ಮನೆಗಳ ಮುಂದೆ ನಿಂತು, ಬಾಲವನ್ನು ಕೈಯಲ್ಲಿ ಎತ್ತಿ ಹಿಡಿದು, ಒಂದೊಂದನ್ನೇ ಹುಷಾರಾಗಿ ದಾಟಿದಳು.

"ಇಷ್ಟು ಮರ್ಯಾದಸ್ಥ ರಾಕ್ಷಸನ್ನ ನಾನು ನೋಡೇ ಇಲ್ಲ!" ಎಂದಳು ನರ್ಸ್.

"ನಾಲ್ಕು ದಿನ ಕೂತು ಅಂಟಿಸಿದ ಮನೆ," ಎಂದ ಟೈಲರ್. "ಒಡೆಯೋಕೆ ಅವಳಿಗೆ ಮನಸ್ಸು ಬರಲಿಲ್ಲ."

ನರ್ಸ್ ಅವನ ಮುಖ ನೋಡಿದಳು. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

ಹಲ್ಲಿ ಬೆನ್ನು ತಿರುಗಿಸಿತು. ಜಿಪ್ ಅರ್ಧಕ್ಕೆ ಬಿಚ್ಚಿಕೊಂಡಿತ್ತು. ಅಂದು ಅದನ್ನು ಕಂಡು, ಹೊಲಿದವನ ಮಾನ ಹೋಯಿತಲ್ಲ ಎಂದು ಕ್ಯಾಮೆರಾ ಓಡುತ್ತಿರುವುದನ್ನೇ ಮರೆತಿದ್ದ ಅವನು. ಪರದೆಯ ಅಂಚಿನಿಂದ ಒಂದು ಕೈ ಬಂತು, ಬೆರಳಲ್ಲಿ ಸೂಜಿ ಚುಚ್ಚದಂತೆ ತೊಡುವ ಅಂಗುಸ್ತಾನ. ಜಿಪ್ಪನ್ನು ಸರ್ರನೆ ಮೇಲೆಳೆಯಿತು. ಆಯ್ತು ನಡಿ ಎಂಬಂತೆ ಬೆನ್ನು ಎರಡು ಸಲ ತಟ್ಟಿತು. ದಿನಾ ಬೆಳಿಗ್ಗೆ ಅವಳ ರವಿಕೆಯ ಕೊನೆಯ ಹುಕ್ಕು ಹಾಕಿ ತಟ್ಟುತ್ತಿದ್ದ ಹಾಗೆಯೇ.

ಟಾಕೀಸೆಲ್ಲ ಗೊಳ್ಳೆಂದು ನಕ್ಕಿತು. ಸಿಳ್ಳೆ, ಚಪ್ಪಾಳೆ. "ಒನ್ಸ್ ಮೋರ್! ಒನ್ಸ್ ಮೋರ್!"

ಟೈಲರ್ ಎದ್ದು ನಿಂತು ತಾನೂ ಕೂಗಿದ. ಜೀವಮಾನದಲ್ಲಿ ಅವನು ಟಾಕೀಸಿನಲ್ಲಿ ಕೂಗಿದವನಲ್ಲ. ಆದರೆ ರೀಲು ಹಿಂದಕ್ಕೆ ಓಡಲಿಲ್ಲ. ಹೀರೋ ಟಾರ್ಚಿನಿಂದ ಸುಟ್ಟ, ಹಲ್ಲಿ ಸತ್ತಿತು. ಜನ ನಕ್ಕು ಸುಸ್ತಾಗಿ ಕೂತರು. ಹೀರೋ ಮಾನವಕುಲಕ್ಕೆ ಭಾಷಣ ಶುರುಮಾಡಿದ.

"ಒನ್ಸ್ ಮೋರ್," ಎಂದ ಟೈಲರ್. ಈಗ ಕೂಗುತ್ತಿದ್ದವನು ಅವನೊಬ್ಬನೇ.